25 ವರ್ಷದ ರಜೆಗೆ ಇವತ್ತೇ ಸಹಿ

ಅಕ್ಕನ ಮನೆಯ ಬೀರುವಿನಲ್ಲಿ, ಸೈಟಿನ ಕ್ರಯಪತ್ರ ಇಟ್ಟಿರುವ ಪ್ಲಾಸ್ಟಿಕ್ ಕವರಿನಲ್ಲೇ ಒಂದು ಹಾಲಿಡೇ ಮೆಂಬರ್‌ಶಿಪ್ಪಿನ ಫೈಲೂ ಇದೆ. ಎರಡೂ ಆಸ್ತಿಯ ಕಾಗದವೆಂದೇ ಭಾವ ಜೋಪಾನ ಮಾಡಿದ್ದಾರೆ. ವರ್ಷಕ್ಕೆ ಏಳು ರಾತ್ರಿ, 25 ವರ್ಷ, ಕಂಪನಿಯ ಯಾವ ರೆಸಾರ್ಟಿನಲ್ಲಾದರೂ ತಂಗುವ ಟೈಮ್‌ಶೇರ್ ಅದು. ಇದನ್ನು ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕವರು. ಸೈಟಿಗೆ ಉಪನೋಂದಣಿ ಕಚೇರಿಯ ಮುದ್ರೆಯಿದೆ, ಖಾತೆಯಿದೆ, ಬೇಕೆಂದಾಗ ಮಾರಬಹುದು. ಫೈಲಿನಲ್ಲಿರುವುದು ಬಳಕೆಯ ಹಕ್ಕು ಮಾತ್ರ. ಅವಧಿ ಮುಗಿದ ದಿನ ಅದರ ಬೆಲೆ ಸೊನ್ನೆ.

ಈ ಪದ್ಧತಿ ಹುಟ್ಟಿದ್ದು 1960ರ ದಶಕದ ಯುರೋಪಿನಲ್ಲಿ. ರಜೆಯ ಊರಿನಲ್ಲಿ ಇಡೀ ಮನೆ ಕೊಳ್ಳಲಾಗದವರು ವರ್ಷದ ಒಂದೆರಡು ವಾರವನ್ನಷ್ಟೇ ಕೊಂಡರು. ನಮ್ಮಲ್ಲಿ 1980ರ ದಶಕದಲ್ಲಿ ಸ್ಟರ್ಲಿಂಗ್, 1990ರ ದಶಕದಲ್ಲಿ ಕ್ಲಬ್ ಮಹೀಂದ್ರ ಇದನ್ನು ಮಧ್ಯಮವರ್ಗದ ಮನೆಗಳಿಗೆ ತಂದವು. ವರ್ಷವಿಡೀ ಬೀಗ ಬಿದ್ದಿರುವ ಮನೆಯನ್ನು ಹಲವು ಕುಟುಂಬಗಳು ಹಂಚಿಕೊಳ್ಳುವ ಯೋಚನೆ ಒಳ್ಳೆಯದೇ. ಆದರೆ ವರ್ಷದ 52 ವಾರಗಳಿಗೂ ಒಂದೇ ಬೆಲೆಯಿಲ್ಲ. ಅದಕ್ಕೇ ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ಬಣ್ಣಗಳಲ್ಲಿ ವಿಂಗಡಿಸಿ ಮಾರುವ ಪದ್ಧತಿ ಬಂದಿದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯೇ ಬೇಕು. ಊರಿಗೆಲ್ಲ ಬೇಕಾಗುವುದೂ ಅದೇ. ದುಬಾರಿ ಬಣ್ಣ ಕೊಂಡವರೂ ಮಡಿಕೇರಿಯಲ್ಲೋ ಊಟಿಯಲ್ಲೋ ರೂಮು ಖಾಲಿಯಿದ್ದರಷ್ಟೇ ಹೋಗಬೇಕು. ಮಳೆಗಾಲದ ವಾರ ಅಗ್ಗ ನಿಜ, ಆದರೆ ಆಗ ಸದಸ್ಯರಲ್ಲದವರಿಗೂ ಹೋಟೆಲು ಅಗ್ಗವೇ.

ಭಾವ ಸಹಿ ಹಾಕಿದ ದಿನ ನಾನೂ ಜೊತೆಗಿದ್ದೆ. ಮಾಲಿನಲ್ಲಿ ತುಂಬಿದ ಕೂಪನ್ನಿಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದು ಫೋನು ಬಂದಿತ್ತು. ಹೋಟೆಲಿನ ಹಾಲಿನಲ್ಲಿ ಸಾಲಾಗಿ ಮೇಜುಗಳು. ಯಾರಾದರೂ ಸಹಿ ಹಾಕಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೇಜಿನ ಹುಡುಗ ಬಿಳಿ ಹಾಳೆಯೊಂದನ್ನು ತೆಗೆದು, ವರ್ಷಕ್ಕೆ ಪ್ರವಾಸಕ್ಕೆಷ್ಟು ಖರ್ಚಾಗುತ್ತದೆ ಎಂದು ಭಾವನನ್ನು ಕೇಳಿದ. ಅವರು ಹೇಳಿದ ಮೊತ್ತವನ್ನು 25ರಿಂದ ಗುಣಿಸಿ ಸುತ್ತ ದಪ್ಪನೆ ಗೆರೆ ಎಳೆದ. ತನ್ನ ಕಂಪನಿಯ ವಾರ್ಷಿಕ ಶುಲ್ಕವನ್ನು ಮಾತ್ರ ಗುಣಿಸಲಿಲ್ಲ. 'ಸಾರ್, ಈ ರೇಟು ಇವತ್ತಿಗೆ ಮಾತ್ರ' ಎಂದ. ನಾಳೆ ಹೇಳುತ್ತೇವೆ ಎಂದರೆ ಯಾರಿಗೂ ನಷ್ಟವಿರಲಿಲ್ಲ. ಆ ಮಾತು ನಮ್ಮ ಬಾಯಿಂದ ಬರಲಿಲ್ಲ, ನನ್ನಿಂದಲೂ. ಆ ಕೊರಗು ನನಗೆ ಇಂದಿಗೂ ಇದೆ. ಯುರೋಪ್ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಸಹಿಯಾದ ಮೇಲೂ 14 ದಿನ ಮನಸ್ಸು ಬದಲಿಸಬಹುದು. ಅಷ್ಟರೊಳಗೆ ಮುಂಗಡ ಪಡೆಯುವುದನ್ನೂ ಅದು ನಿಷೇಧಿಸುತ್ತದೆ. ಅಂಥ ಕಟ್ಟುಪಾಡು ನಮಗೂ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು, ಸರಿ; ಆದರೆ ಅದು ಪೆಟ್ಟು ಬಿದ್ದ ಮೇಲಿನ ಮದ್ದು.

ಆ ಹಾಳೆಯಲ್ಲಿ ಬರೆಯಬೇಕಿದ್ದ ಲೆಕ್ಕ ಕಷ್ಟದ್ದೇನಲ್ಲ. ಮೆಂಬರ್‌ಶಿಪ್ಪು 4 ಲಕ್ಷ, ವಾರ್ಷಿಕ ಶುಲ್ಕ 20,000 ರೂಪಾಯಿ ಎಂದಿಟ್ಟುಕೊಳ್ಳಿ. 4 ಲಕ್ಷ ಬ್ಯಾಂಕಿನಲ್ಲಿದ್ದರೆ ಶೇ. 7ರಂತೆ ವರ್ಷಕ್ಕೆ 28,000 ಬಡ್ಡಿ. ಎರಡೂ ಸೇರಿ 48,000, ಅಂದರೆ ರಾತ್ರಿಗೆ 6,850 ರೂಪಾಯಿಯ ಮೇಲೆ. ಊಟ, ಪ್ರಯಾಣ ಬೇರೆ. ಶುಲ್ಕ ವರ್ಷಕ್ಕೆ ಶೇ. 6ರಂತೆ ಏರಿದರೆ 25 ವರ್ಷದಲ್ಲಿ ಶುಲ್ಕವೇ ಸುಮಾರು 11 ಲಕ್ಷ. ಹೋಟೆಲಿನ ಬಾಡಿಗೆಯೂ ಏರುತ್ತದಲ್ಲ ಎಂಬ ವಾದದಲ್ಲಿ ಹುರುಳಿದೆ. ತಪ್ಪದೆ ಏಳೂ ರಾತ್ರಿ ಬಳಸುವವರಿಗೆ, ಕೊನೆಯ ವರ್ಷಗಳಲ್ಲಿ ಇದು ಅಗ್ಗವೂ ಆದೀತು. ಆದರೆ ಬಳಸಿದ್ದು ಅರ್ಧವಾದರೆ ರಾತ್ರಿಯ ಬೆಲೆ ಎರಡರಷ್ಟು. ಬ್ಯಾಂಕಿನಲ್ಲಿಟ್ಟ 4 ಲಕ್ಷ ಕೊನೆಗೆ ಹಾಗೇ ಉಳಿದಿರುತ್ತದೆ, ಇದು ಉಳಿಯುವುದಿಲ್ಲ.

ಯಾವ ಮನೆಯಲ್ಲಿ 25 ವರ್ಷ ಒಂದೇ ಸಮನೆ ಸಾಗುತ್ತದೆ? ಅಕ್ಕನ ಮನೆಯಲ್ಲಿ ಮೊದಲ ನಾಲ್ಕೈದು ವರ್ಷ ಚೆನ್ನಾಗಿ ಹೋಯಿತು. ಆಮೇಲೆ ಮಗಳ ಪಿಯುಸಿ, ಮಗನ ಸಿಇಟಿ, ಅತ್ತೆಯವರಿಗೆ ಹಾಸಿಗೆ ಹಿಡಿದ ಕಾಯಿಲೆ. ರಾತ್ರಿಗಳು ಮುಂದಿನ ವರ್ಷಕ್ಕೆ ಹೋದವು, ಕೆಲವು ರದ್ದಾದವು. ಶುಲ್ಕದ ಬಿಲ್ಲು ಒಂದು ವರ್ಷವೂ ತಪ್ಪಲಿಲ್ಲ.

ಹಾಗೆಂದು ಅಕ್ಕನ ಮಾತನ್ನು ತಳ್ಳಿಹಾಕಲಾರೆ. 'ದುಡ್ಡು ಕಟ್ಟಿರದಿದ್ದರೆ ನಿಮ್ಮ ಭಾವ ನಮ್ಮನ್ನು ಎಲ್ಲಿಗೂ ಕರಕೊಂಡು ಹೋಗ್ತಿರಲಿಲ್ಲ ಕಣೋ' ಎನ್ನುತ್ತಾಳೆ. ಬೆಳಗ್ಗೆ ಎದ್ದು ತಿಂಡಿ ಏನು ಮಾಡಲಿ ಎಂದು ಯೋಚಿಸದೆ ಕೂತ ದಿನಗಳು ಅವಳ ಪಾಲಿಗೆ ಅವೇ. ಟೈಮ್‌ಶೇರಿನ ಪರವಾಗಿ ನಾನು ಕೇಳಿದ ಅತ್ಯಂತ ಗಟ್ಟಿಯಾದ ವಾದ ಇದು. ಆದರೂ ಈ ಒತ್ತಾಯಕ್ಕೆ 25 ವರ್ಷದ ಕರಾರು ಬೇಕಿಲ್ಲ. ತಿಂಗಳಿಗೆ 4,000ದಂತೆ ಅಕ್ಕನ ಹೆಸರಿಗೆ ಆರ್‌ಡಿ ಕಟ್ಟಿದರೂ ವರ್ಷಕ್ಕೆ ಅದೇ 48,000. ಅತ್ತೆಗೆ ಕಾಯಿಲೆಯಾದ ವರ್ಷ ಆ ದುಡ್ಡು ಆಸ್ಪತ್ರೆಗೂ ಆಗುತ್ತಿತ್ತು.

ಈಗಾಗಲೇ ಕೊಂಡವರ ಪ್ರಶ್ನೆ ಬೇರೆ. ಕೊಟ್ಟ ದುಡ್ಡು ಹೋಯಿತು. ಅದನ್ನು ಲೆಕ್ಕಕ್ಕೆ ಎಳೆಯಬಾರದು. ಈ ವರ್ಷದ ಶುಲ್ಕದ ಪತ್ರ ಬಂದಾಗ ಮೂವರೂ ಕೂತು ಆ ಮೊತ್ತವನ್ನು ಮಾತ್ರ ಏಳರಿಂದ ಭಾಗಿಸಿದೆವು. ಅಷ್ಟಕ್ಕೆ ಅಂಥ ರೂಮು ಹೊರಗೆ ಸಿಗುವುದಿಲ್ಲ. ಭಾವ ಕಟ್ಟಿದರು. ಮಕ್ಕಳ ಶಾಲೆಯ ಹಂಗು ಈಗಿಲ್ಲವಾದ್ದರಿಂದ, ಫೆಬ್ರವರಿಗೆ ಮಡಿಕೇರಿಯಲ್ಲಿ ರೂಮು ಸಿಕ್ಕಿದೆ.