ಆರೋಪಿಯ ದಿನಚರಿಯನ್ನು ಓದುವುದು ಹೇಗೆ?

2012ರ ಜುಲೈ 20ರ ಮಧ್ಯರಾತ್ರಿ ಅಮೆರಿಕದ ಕೊಲರಾಡೊ ರಾಜ್ಯದ ಅರೋರಾ ನಗರದಲ್ಲಿ ಚಿತ್ರಮಂದಿರವೊಂದಕ್ಕೆ ನುಗ್ಗಿದ ಜೇಮ್ಸ್ ಹೋಮ್ಸ್ ಎಂಬ ಯುವಕ ಗುಂಡಿನ ಮಳೆಗರೆದು 12 ಮಂದಿಯನ್ನು ಕೊಂದ. ಆತ ನರವಿಜ್ಞಾನದ ಸಂಶೋಧನೆಗೆಂದು ವಿಶ್ವವಿದ್ಯಾಲಯ ಸೇರಿ, ಕೆಲವು ವಾರಗಳ ಹಿಂದಷ್ಟೇ ಅದನ್ನು ತೊರೆದಿದ್ದ ವಿದ್ಯಾರ್ಥಿ. ಕೃತ್ಯಕ್ಕೆ ಕೆಲವೇ ಗಂಟೆಗಳ ಮೊದಲು ಆತ ತನ್ನ ಕೈಬರಹದ ಟಿಪ್ಪಣಿ ಪುಸ್ತಕವೊಂದನ್ನು, ಹಿಂದೆ ತನಗೆ ಚಿಕಿತ್ಸೆ ನೀಡಿದ್ದ ಮನೋವೈದ್ಯೆಗೆ ಅಂಚೆಯಲ್ಲಿ ಕಳುಹಿಸಿದ್ದ. ಅದು ಅವರ ಕೈ ಸೇರುವ ಮೊದಲೇ ಪೊಲೀಸರ ವಶವಾಯಿತು.

ಮೂರು ವರ್ಷಗಳ ನಂತರ ವಿಚಾರಣೆ ನಡೆದಾಗ ಆ ಪುಸ್ತಕವೇ ಅತ್ಯಂತ ಮಹತ್ವದ ಸಾಕ್ಷ್ಯಗಳಲ್ಲಿ ಒಂದಾಯಿತು. ವಿಚಿತ್ರವೆಂದರೆ ಎರಡೂ ಪಕ್ಷಗಳು ಅದನ್ನೇ ಆಧರಿಸಿ ವಾದಿಸಿದವು. ಕೆಲವು ಪುಟಗಳಲ್ಲಿ ಯಾವ ಸ್ಥಳ ಸೂಕ್ತ, ಎಲ್ಲಿ ಭದ್ರತೆ ಹೆಚ್ಚು, ಯಾವ ಪ್ರೇಕ್ಷಕಾಂಗಣದ ಬಾಗಿಲುಗಳು ಹೇಗಿವೆ ಎಂಬ ತಣ್ಣನೆಯ ಲೆಕ್ಕಾಚಾರವಿತ್ತು. ಇದು ಸ್ವಸ್ಥಚಿತ್ತದ ಸಂಚು ಎಂದು ಪ್ರಾಸಿಕ್ಯೂಷನ್ ಹೇಳಿತು. ಬೇರೆ ಪುಟಗಳಲ್ಲಿ ಜೀವ, ಮರಣ, ಅನಂತತೆಗಳ ಬಗೆಗಿನ ಅಸಂಬದ್ಧ ಸೂತ್ರಗಳು, ತಾನೇ ರೂಪಿಸಿಕೊಂಡ ಚಿಹ್ನೆ, ಪುಟಗಟ್ಟಲೆ ಪುನರಾವರ್ತನೆಯಾಗುವ ‘ಏಕೆ’ ಎಂಬ ಒಂದೇ ಪದ ಇದ್ದವು. ಇದು ರೋಗಗ್ರಸ್ತ ಮನಸ್ಸಿನ ಚಿತ್ರ ಎಂದು ಆರೋಪಿಯ ಪರ ವಕೀಲರು ಹೇಳಿದರು. ನ್ಯಾಯಾಲಯ ನೇಮಿಸಿದ ಇಬ್ಬರು ಮನೋವೈದ್ಯರು, ಆತನಿಗೆ ಮಾನಸಿಕ ಕಾಯಿಲೆ ಇರುವುದು ನಿಜ, ಆದರೆ ಕಾನೂನಿನ ಅರ್ಥದಲ್ಲಿ ಆತ ಅಸ್ವಸ್ಥಚಿತ್ತನಲ್ಲ ಎಂದರು. 2015ರ ಜುಲೈನಲ್ಲಿ ಜ್ಯೂರಿ ಆತನನ್ನು ಅಪರಾಧಿಯೆಂದು ಘೋಷಿಸಿತು. ಮರು ತಿಂಗಳು, ಮರಣದಂಡನೆಗೆ ಎಲ್ಲ ಸದಸ್ಯರ ಒಮ್ಮತ ದೊರೆಯದೆ ಆತನಿಗೆ ಜೀವಾವಧಿ ಶಿಕ್ಷೆಯಾಯಿತು.

ಒಂದೇ ಪುಸ್ತಕ, ಎರಡು ಓದು. ಈ ಓದಿನ ಮೇಲೆ ಒಬ್ಬ ಮನುಷ್ಯನ ಪ್ರಾಣವೂ, ಹನ್ನೆರಡು ಕುಟುಂಬಗಳಿಗೆ ಸಲ್ಲಬೇಕಾದ ನ್ಯಾಯವೂ ನಿಂತಿದ್ದವು. ಹಾಗಾದರೆ ಆರೋಪಿಯ ಖಾಸಗಿ ಬರಹ ಆತನ ಮನಃಸ್ಥಿತಿಯ ಬಗ್ಗೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು? ಇದು ಅಮೆರಿಕಕ್ಕೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ.

ನಮ್ಮ ಕಾನೂನಿಗೂ ಪಾಶ್ಚಾತ್ಯ ಕಾನೂನಿಗೂ ಈ ವಿಷಯದಲ್ಲಿ ಮೂಲ ಒಂದೇ. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬಾತ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ ಅವರೆಂದು ಭಾವಿಸಿ ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಗುಂಡಿಟ್ಟು ಕೊಂದ. ಸರ್ಕಾರವೇ ತನ್ನ ಬೆನ್ನು ಹತ್ತಿದೆ ಎಂಬ ಭ್ರಾಂತಿ ಆತನದು. ಆತ ಬಿಡುಗಡೆಯಾದಾಗ ಎದ್ದ ಕೋಲಾಹಲದ ಫಲವಾಗಿ ನ್ಯಾಯಾಧೀಶರು ನಿಯಮಗಳನ್ನು ರೂಪಿಸಿದರು. 1860ರ ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್ನಿನ ತಿರುಳೂ ಅದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ನಿನಲ್ಲಿ ಅದು ಮುಂದುವರಿದಿದೆ. ಕೃತ್ಯ ಎಸಗುವ ಸಮಯದಲ್ಲಿ, ಚಿತ್ತದ ಅಸ್ವಸ್ಥತೆಯ ಕಾರಣದಿಂದ, ತಾನು ಮಾಡುತ್ತಿರುವುದು ಎಂಥದ್ದು ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯಲು ಅಸಮರ್ಥನಾಗಿದ್ದವನು ಅಪರಾಧಿಯಲ್ಲ. ಅಂದರೆ ಕಾನೂನು ಕೇಳುವುದು ‘ಕಾಯಿಲೆ ಇತ್ತೇ’ ಎಂದಷ್ಟೇ ಅಲ್ಲ, ‘ಆ ಕ್ಷಣದಲ್ಲಿ ಅರಿವು ಇತ್ತೇ’ ಎಂದು. ದಿನಚರಿಯಾದರೋ ಆ ಕ್ಷಣಕ್ಕೆ ಮೊದಲು ಅಥವಾ ನಂತರ ಬರೆದದ್ದು. ಈ ಅಂತರವನ್ನು ಮರೆತರೆ ಓದು ದಾರಿ ತಪ್ಪುತ್ತದೆ.

ದಾರಿ ತಪ್ಪುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು, ಬರಹದಲ್ಲಿ ಕ್ರಮವಿದೆ, ಲೆಕ್ಕವಿದೆ ಎಂಬ ಮಾತ್ರಕ್ಕೆ ಬರೆದವನು ಸ್ವಸ್ಥ ಎಂದು ತೀರ್ಮಾನಿಸುವುದು. ಭ್ರಾಂತಿಗೆ ಒಳಗಾದವರು ಸದಾ ಅಸಂಬದ್ಧವಾಗಿ ಬಡಬಡಿಸುತ್ತಾರೆಂಬುದು ನಾಟಕ, ಸಿನಿಮಾಗಳಿಂದ ಬಂದ ಕಲ್ಪನೆ. ಒಂದು ಮೂಲಭೂತ ಸುಳ್ಳು ನಂಬಿಕೆಯ ಮೇಲೆ ತರ್ಕಬದ್ಧವಾದ ಇಡೀ ಕಟ್ಟಡವನ್ನೇ ನಿಲ್ಲಿಸುವುದು ಸಾಧ್ಯ. ಇತರರನ್ನು ಕೊಂದರೆ ಅವರ ಜೀವದ ಮೌಲ್ಯ ತನಗೆ ಸೇರುತ್ತದೆ ಎಂದು ಹೋಮ್ಸ್ ಮನೋವೈದ್ಯರ ಮುಂದೆ ವಿವರಿಸಿದ್ದ. ಅದಕ್ಕೆ ಆತ ಕೊಟ್ಟ ಹೆಸರು ‘ಮಾನವ ಬಂಡವಾಳ’. ಅರ್ಥಶಾಸ್ತ್ರ ಓದಿದವರಿಗೆ ಚಿರಪರಿಚಿತವಾದ ಈ ಪದ ಶಿಕ್ಷಣ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ್ದು. ಪದವನ್ನು ಮಾತ್ರ ಕಂಡವರಿಗೆ ಅದರಲ್ಲಿ ಯಾವ ಅಸಹಜತೆಯೂ ಕಾಣದು, ಆತ ಅದಕ್ಕೆ ತುಂಬಿದ ಅರ್ಥ ತಿಳಿದಾಗಲೇ ಎದೆ ನಡುಗುವುದು.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು. ಬರಹ ನಮಗೆ ವಿಚಿತ್ರವಾಗಿ ಕಂಡಿತೆಂದು ಬರೆದವನನ್ನು ಹುಚ್ಚನೆಂದು ಕರೆಯುವುದು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಮಂದಿಯನ್ನು ಕೊಂದ ಆಂದರ್ಸ್ ಬ್ರೇವಿಕ್ ಸುಮಾರು 1,500 ಪುಟಗಳ ಬರಹವನ್ನು ಹರಡಿದ್ದ. ಆತನನ್ನು ಪರೀಕ್ಷಿಸಿದ ಮೊದಲ ಇಬ್ಬರು ಮನೋವೈದ್ಯರು ಆತ ಸ್ಕಿಜೋಫ್ರೇನಿಯಾ ರೋಗಿ ಎಂದರು. ಆತ ಬಳಸುತ್ತಿದ್ದ ಅಪರಿಚಿತ ಪದಗಳು ರೋಗಿಯು ಸ್ವತಃ ಸೃಷ್ಟಿಸಿಕೊಂಡ ಪದಗಳೆಂದು ಅವರಿಗೆ ತೋರಿತು. ಆದರೆ ಉಗ್ರ ಬಲಪಂಥೀಯ ವಲಯಗಳನ್ನು ಬಲ್ಲವರು ಅಂಥ ಪರಿಭಾಷೆ ಅಲ್ಲಿ ಚಲಾವಣೆಯಲ್ಲಿದೆ ಎಂದು ತೋರಿಸಿಕೊಟ್ಟರು. ಎರಡನೆಯ ತಂಡ ಆತನಲ್ಲಿ ಚಿತ್ತವಿಕಲತೆ ಇಲ್ಲವೆಂದಿತು. 2012ರ ಆಗಸ್ಟ್ 24ರಂದು ಓಸ್ಲೋ ನ್ಯಾಯಾಲಯ ಆತ ತನ್ನ ಕೃತ್ಯಕ್ಕೆ ಹೊಣೆಗಾರನೆಂದು ತೀರ್ಪಿತ್ತಿತು. ದ್ವೇಷದ ಸಿದ್ಧಾಂತ ಎಷ್ಟೇ ವಿಕೃತವಾಗಿದ್ದರೂ ಹಲವರು ಹಂಚಿಕೊಂಡ ನಂಬಿಕೆಯಾಗಿದ್ದರೆ ಅದನ್ನು ರೋಗದ ಖಾತೆಗೆ ಬರೆಯುವಂತಿಲ್ಲ ಎಂಬುದು ಆ ಪ್ರಕರಣದ ಪಾಠ.

ಈ ಪಾಠ ನಮಗೆ ಇನ್ನೂ ಹತ್ತಿರದ್ದು. ದೇವರನ್ನೇ ಪತಿಯೆಂದು ಬಗೆದು ವಚನ ಬರೆದ ಅಕ್ಕಮಹಾದೇವಿಯ ನಾಡು ನಮ್ಮದು. ಕರಾವಳಿಯ ಮನೆಗಳಲ್ಲಿ ದೈವ ಮೈಮೇಲೆ ಬರುವುದು, ಅಪ್ಪಣೆ ಕೊಡುವುದು ದಿನನಿತ್ಯದ ಮಾತು. ‘ದೇವರು ನನಗೆ ಹೇಳಿತು’ ಎಂದು ಒಬ್ಬಾತ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದರೆ ಅದು ಭಕ್ತಿಯೋ, ರೂಢಿಯ ಮಾತೋ, ಅಥವಾ ಕಿವಿಯಲ್ಲಿ ನಿಜವಾಗಿಯೂ ಕೇಳಿದ ಧ್ವನಿಯೋ? ಇಂಗ್ಲಿಷ್ ಅನುವಾದದಲ್ಲಿ ಮೂರೂ ಒಂದೇ ಆಗಿಬಿಡುತ್ತವೆ. ಊರವರೆಲ್ಲ ನಂಬುವ ಮಾಟದ ಮಾತನ್ನು ರೋಗಲಕ್ಷಣವೆಂದು ಭಾವಿಸುವ ಅಪಾಯ ಎಷ್ಟಿದೆಯೋ, ನಿಜವಾದ ಭ್ರಾಂತಿಯನ್ನು ‘ಹಳ್ಳಿಯವರ ಮೂಢನಂಬಿಕೆ’ ಎಂದು ತಳ್ಳಿಹಾಕುವ ಅಪಾಯವೂ ಅಷ್ಟೇ ಇದೆ.

ಮೂರನೆಯ ಎಚ್ಚರಿಕೆಯೊಂದು ಬೇಕು. ಬರಹ ಯಾರಿಗಾಗಿ ಬರೆದದ್ದು? ಸರ್ಕಾರಿ ಕಡತಗಳನ್ನು ಓದಿದವರಿಗೆ ಗೊತ್ತು, ಮುಂದೊಂದು ದಿನ ಯಾರಾದರೂ ಓದಿಯಾರು ಎಂಬ ಎಚ್ಚರದಿಂದ ಬರೆದ ಟಿಪ್ಪಣಿಗೂ ನೆನಪಿಗೆಂದು ಗೀಚಿದ ಚೀಟಿಗೂ ಅಜಗಜಾಂತರ. 1978ರಿಂದ 1995ರವರೆಗೆ ಅಮೆರಿಕದಲ್ಲಿ ಬಾಂಬುಗಳನ್ನು ಕಳುಹಿಸಿ ಮೂವರನ್ನು ಕೊಂದ, ಗಣಿತದ ಮಾಜಿ ಪ್ರಾಧ್ಯಾಪಕ ಥಿಯೊಡೋರ್ ಕಜಿನ್ಸ್ಕಿಯ ಪ್ರಕರಣ ಇದಕ್ಕೆ ನಿದರ್ಶನ. 1995ರ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಸುಮಾರು 35,000 ಪದಗಳ ಪ್ರಬಂಧದಲ್ಲಿ ಆತ ತಂತ್ರಜ್ಞಾನದಿಂದ ಮಾನವನ ಬಿಡುಗಡೆಯ ಮಾತನಾಡಿದ್ದ. ಮರುವರ್ಷ ಆತನ ಗುಡಿಸಲಿನಲ್ಲಿ ಸಿಕ್ಕ ದಿನಚರಿಗಳಲ್ಲಿ, ಕೆಲವು ಭಾಗ ಗುಪ್ತಲಿಪಿಯಲ್ಲಿ, ತನ್ನ ಉದ್ದೇಶ ವೈಯಕ್ತಿಕ ಸೇಡು ಎಂದು ಬರೆದುಕೊಂಡಿದ್ದ. ಸಿಕ್ಕಿಬಿದ್ದರೆ ಜನ ತನ್ನನ್ನು ಮನೋರೋಗಿಯೆಂದು ಬಿಂಬಿಸಿಯಾರು ಎಂಬ ಅಳುಕೂ ಅಲ್ಲಿತ್ತು. ನ್ಯಾಯಾಲಯದ ಮನೋವೈದ್ಯೆ ಆತನಲ್ಲಿ ಸ್ಕಿಜೋಫ್ರೇನಿಯಾದ ಲಕ್ಷಣಗಳನ್ನು ಕಂಡರೂ ವಿಚಾರಣೆ ಎದುರಿಸಲು ಶಕ್ತನೆಂದರು. ತನ್ನದೇ ವಕೀಲರು ಮಂಡಿಸಬಯಸಿದ ಮನೋರೋಗದ ವಾದವನ್ನು ತಡೆಯಲು ಹೆಣಗಿದ ಆತ ಕೊನೆಗೆ 1998ರ ಜನವರಿಯಲ್ಲಿ ತಪ್ಪೊಪ್ಪಿಕೊಂಡ. ದಿನಚರಿ ಸೇಡನ್ನು ಸ್ಪಷ್ಟವಾಗಿ ತೋರಿಸಿತು. ಆ ಸೇಡು ಎಲ್ಲಿಂದ ಹುಟ್ಟಿತು ಎಂಬುದನ್ನು ಅದೊಂದೇ ತೋರಿಸಲಾಗಲಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ವ್ಯವಸ್ಥೆಯನ್ನು ನೋಡೋಣ. ಕಾನೂನಿನಲ್ಲಿ ವಿವೇಕದ ಕೊರತೆಯಿಲ್ಲ. ಮನಃಸ್ಥಿತಿಯನ್ನು ತೋರುವ ಸಂಗತಿಗಳು ಪ್ರಸ್ತುತವೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. ದಾಖಲೆಯ ಒಂದು ಭಾಗವನ್ನು ಮುಂದಿಟ್ಟಾಗ, ಅದರ ಅರ್ಥ ಪೂರ್ಣವಾಗಿ ತಿಳಿಯಲು ಅಗತ್ಯವಾದಷ್ಟು ಉಳಿದ ಭಾಗವನ್ನೂ ನೋಡಬೇಕೆಂಬ ನಿಯಮವೂ ಅದರಲ್ಲಿತ್ತು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಇವೆರಡನ್ನೂ ಉಳಿಸಿಕೊಂಡಿದೆ. ಕೃತ್ಯದ ಮೊದಲು, ಕೃತ್ಯದ ವೇಳೆ ಮತ್ತು ನಂತರದ ಸನ್ನಿವೇಶಗಳನ್ನು ಒಟ್ಟಾಗಿ ಪರಿಗಣಿಸಬೇಕು ಎಂದು ದಹ್ಯಾಭಾಯಿ ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತೊಡಕಿರುವುದು ರುಜುವಾತಿನ ಹೊರೆಯಲ್ಲಿ. ಕೊಲರಾಡೊದಲ್ಲಿ ಆರೋಪಿ ಸ್ವಸ್ಥಚಿತ್ತನೆಂದು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು. ನಮ್ಮಲ್ಲಿ ತಾನು ಅಸ್ವಸ್ಥಚಿತ್ತನಾಗಿದ್ದೆ ಎಂದು ತೋರಿಸಬೇಕಾದವನು ಆರೋಪಿಯೇ. ಈ ಹೊರೆ ಸಿವಿಲ್ ವ್ಯಾಜ್ಯದಲ್ಲಿರುವಷ್ಟೇ ಹಗುರವಾದದ್ದು, ಸಂಭಾವ್ಯತೆಯನ್ನು ತೋರಿಸಿದರೆ ಸಾಕು ಎಂದು ಅದೇ ತೀರ್ಪು ಸಮಾಧಾನ ಹೇಳುತ್ತದೆ, ನಿಜ. ಆದರೆ ಹಗುರವಾದ ಹೊರೆಯನ್ನೂ ಹೊರಲು ಕೈಯಲ್ಲಿ ಏನಾದರೂ ಇರಬೇಕಲ್ಲ?

ಹೋಮ್ಸ್ ಮತ್ತು ಕಜಿನ್ಸ್ಕಿ ಇಬ್ಬರೂ ಉನ್ನತ ವ್ಯಾಸಂಗ ಮಾಡಿದವರು. ನಮ್ಮ ಜೈಲುಗಳಲ್ಲಿರುವ ಬಹುಪಾಲು ಜನ ದಿನಚರಿ ಬರೆಯುವವರಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ಚಿಕಿತ್ಸೆಯಿಲ್ಲವೆಂದರೆ ಆಸ್ಪತ್ರೆಯ ದಾಖಲೆಯೂ ಇಲ್ಲ. 2002ರಲ್ಲಿ ಪತ್ನಿಯನ್ನು ಕೊಂದ ಆರೋಪ ಹೊತ್ತಿದ್ದ ಮಹಾರಾಷ್ಟ್ರದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ್ದು, ಘಟನೆಗೆ ಮೊದಲೂ ನಂತರವೂ ಅವರು ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆದ ದಾಖಲೆಗಳಿದ್ದ ಕಾರಣ. ಅದೇ ಕಾಯಿಲೆಯಿರುವ ಕೃಷಿ ಕಾರ್ಮಿಕನೊಬ್ಬ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರದಿದ್ದರೆ ಏನನ್ನು ತೋರಿಸಬೇಕು?

ಮತ್ತೊಂದು ಮಾತು. 2000ದ ದಶಕದಲ್ಲಿ ದೇಶದ ನಾನಾ ಕಡೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಬೆಂಗಳೂರಿಗೆ ಕರೆತರುತ್ತಿದ್ದುದು ಓದುಗರಿಗೆ ನೆನಪಿರಬಹುದು. ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಕೂಡದು ಎಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಮನಸ್ಸಿನೊಳಕ್ಕೆ ಬಲವಂತವಾಗಿ ನುಗ್ಗುವ ಆ ಬಾಗಿಲು ಮುಚ್ಚಿದ ಮೇಲೆ, ಆರೋಪಿ ತಾನಾಗಿಯೇ ಬರೆದಿಟ್ಟ ಹಾಳೆಗಳ ಬೆಲೆ ಹೆಚ್ಚಿದೆ. ಈಗ ಆ ಹಾಳೆಗಳ ಜಾಗದಲ್ಲಿ ಬಹುಪಾಲು ಮೊಬೈಲ್ ಫೋನ್ ಇದೆ. ಮುಟ್ಟುಗೋಲು ಹಾಕಿದ ಬರಹದ ಒಂದೆರಡು ಸಾಲುಗಳು ಸಂಜೆಯ ಹೊತ್ತಿಗೆ ಟಿ.ವಿ. ಪರದೆಯ ಮೇಲೆ ಮಿಂಚುವುದನ್ನು ನಾವೆಲ್ಲ ಕಂಡಿದ್ದೇವೆ. ‘ಅವನನ್ನು ಕೊಂದೇಬಿಡುತ್ತೇನೆ’ ಎಂದು ಸಿಟ್ಟಿನಲ್ಲಿ ಬರೆದು ಮರುದಿನ ಹರಿದುಹಾಕುವವರು ಎಷ್ಟು ಮನೆಗಳಲ್ಲಿಲ್ಲ! ಹಾಗೆ ಸೋರಿದ ಸಾಲು ವಿಚಾರಣೆಗೆ ಮೊದಲೇ ತೀರ್ಪಾಗಿಬಿಡುತ್ತದೆ.

ಆಗಬೇಕಾದ ಕೆಲಸ ದುಬಾರಿಯದ್ದೇನೂ ಅಲ್ಲ. ವಶಪಡಿಸಿಕೊಂಡ ಖಾಸಗಿ ಬರಹ ಯಾವ ರೂಪದಲ್ಲಿದ್ದರೂ ಇಡಿಯಾಗಿ, ಕಾಲಾನುಕ್ರಮದಲ್ಲಿ, ಆರೋಪಿಯ ಪರ ವಕೀಲರಿಗೂ ಸಿಗಬೇಕು. ಆಯ್ದ ಸಾಲುಗಳ ಅನುವಾದವಷ್ಟೇ ಸಾಲದು. ಬರೆದವನ ಭಾಷೆ ಮತ್ತು ಊರಿನ ನಂಬಿಕೆಗಳನ್ನು ಬಲ್ಲ ಮನೋವೈದ್ಯರು ಮೂಲವನ್ನೇ ಓದಬೇಕು. ಆರೋಪಿಗೆ ಹಿಂದೆ ಮಾನಸಿಕ ಕಾಯಿಲೆ ಇದ್ದುದು ತಿಳಿದುಬಂದರೆ ತಕ್ಷಣ ವೈದ್ಯಕೀಯ ಪರೀಕ್ಷೆ ಮಾಡಿಸುವುದು ಪ್ರಾಮಾಣಿಕ ತನಿಖಾಧಿಕಾರಿಯ ಕರ್ತವ್ಯ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಲ್ಲಿ ಮನೋವೈದ್ಯಕೀಯ ವರದಿಯನ್ನು ಸರ್ಕಾರವೇ ವಿಚಾರಣಾ ಹಂತದಲ್ಲಿ ಒದಗಿಸಬೇಕೆಂದು 2022ರ ಮನೋಜ್ ಪ್ರಕರಣದಲ್ಲಿ ಅದು ಆದೇಶಿಸಿದೆ. ಕಾಯಿಲೆಯ ಇತಿಹಾಸ ಯಾರಿಗೂ ತಿಳಿಯದೇ ಹೋದ ಬಡವರ ದೃಷ್ಟಿಯಿಂದ, ಕೊಲೆಯಂಥ ಎಲ್ಲ ಗಂಭೀರ ಪ್ರಕರಣಗಳಲ್ಲೂ ಬಂಧನವಾದ ಕೆಲವೇ ದಿನಗಳೊಳಗೆ ಈ ಪರೀಕ್ಷೆ ನಡೆಯುವುದು ಕಡ್ಡಾಯವಾಗಬೇಕು. ತಿಂಗಳುಗಳು ಕಳೆದ ಮೇಲೆ, ಔಷಧ ಸೇವಿಸಿ ಶಾಂತನಾದವನನ್ನು ನೋಡಿ ಅಂದಿನ ಮನಸ್ಸನ್ನು ಊಹಿಸುವುದು ಕಷ್ಟ.

ಇದು ಅಪರಾಧಿಗಳ ಬಗೆಗಿನ ಅನುಕಂಪದ ಮಾತಲ್ಲ. ಹೋಮ್ಸ್‌ನ ಪುಸ್ತಕವನ್ನು ಪೂರ್ತಿ ಓದಿದ ಮೇಲೂ ಜ್ಯೂರಿ ಆತನನ್ನು ಅಪರಾಧಿಯೆಂದೇ ಹೇಳಿತು. ಬ್ರೇವಿಕ್‌ಗೆ ಮನೋರೋಗದ ಆಸರೆ ಸಿಗಲಿಲ್ಲ. ಸರಿಯಾದ ಓದಿನಿಂದ ಕೊಲೆಗಾರ ತಪ್ಪಿಸಿಕೊಳ್ಳುವುದಿಲ್ಲ, ಅರಿವಿಲ್ಲದೆ ಕೈಯೆತ್ತಿದ ರೋಗಿ ನೇಣುಗಂಬದವರೆಗೆ ಹೋಗುವುದು ಮಾತ್ರ ತಪ್ಪುತ್ತದೆ. ಬರೆಯಲು ಬಲ್ಲ ಆರೋಪಿಯ ಪುಸ್ತಕವನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆಯನ್ನು ನ್ಯಾಯಾಲಯಗಳು ತೋರಬೇಕು. ಬರೆಯಲು ಬಾರದವನ ಮನಸ್ಸನ್ನು ಆತನ ತಾಯಿಯ, ನೆರೆಯವರ, ಊರಿನ ಶಾಲಾ ಮಾಸ್ತರರ ಹೇಳಿಕೆಗಳಲ್ಲಿ ಹುಡುಕುವ ಶ್ರಮವನ್ನು ತನಿಖಾಧಿಕಾರಿ ವಹಿಸಬೇಕು.