ಗಂಟಲ ಗಡ್ಡೆಯ ಹಿಂದೆ ರಕ್ತದ ಕ್ಯಾನ್ಸರ್: ಚಿಕಿತ್ಸೆ ಉಚಿತ, ದಾರಿಯ ಖರ್ಚು ಯಾರದು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಗಂಟಲು ಕೆಟ್ಟರೆ ಜನ ದೂರುವುದು ಮೆಣಸಿನಕಾಯಿ ಧೂಳನ್ನು ಅಥವಾ ಗುಟ್ಕಾವನ್ನು. ಗಡ್ಡೆ ಕಾಣಿಸಿದರೆ ತಂಬಾಕಿನ ಕ್ಯಾನ್ಸರ್ ಎಂಬ ಭಯ. ಆದರೆ ಎಂದೂ ತಂಬಾಕು ಮುಟ್ಟದವರಲ್ಲಿಯೂ ಬರುವ ಒಂದು ಅಪರೂಪದ ಕಾಯಿಲೆಯಿದೆ. ಅದರ ಹೆಸರು ಪ್ಲಾಸ್ಮಸೈಟೋಮಾ.

ನಮ್ಮ ಮೂಳೆ ಮಜ್ಜೆಯಲ್ಲಿರುವ ಪ್ಲಾಸ್ಮಾ ಕಣಗಳು ರೋಗನಿರೋಧಕ ಪ್ರೋಟೀನುಗಳನ್ನು ತಯಾರಿಸುತ್ತವೆ. ಈ ಜಾತಿಯ ಕಣಗಳು ಮಜ್ಜೆಯ ಹೊರಗೆ ಮಿತಿಮೀರಿ ಬೆಳೆದಾಗ ಗಡ್ಡೆಯಾಗುತ್ತದೆ. ಇಂಥ ಗಡ್ಡೆಗಳಲ್ಲಿ ಸುಮಾರು ಶೇ. 80ರಷ್ಟು ಮೂಗು, ಗಂಟಲು, ಕುತ್ತಿಗೆಯ ಭಾಗದಲ್ಲೇ ಕಾಣಿಸುತ್ತವೆ. ಮೂಗು ಕಟ್ಟುವುದು, ಮೂಗಿನಿಂದ ರಕ್ತ, ದನಿ ಒಡೆಯುವುದು, ನುಂಗಲು ಕಷ್ಟ ಇವು ಲಕ್ಷಣಗಳು. ಮೂರು ವಾರ ಕಳೆದರೂ ಇವು ಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು.

ಕಣ್ಣಿಗೆ ಎಲ್ಲ ಗಡ್ಡೆಯೂ ಒಂದೇ. ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದಾಗಲೇ ಕಾಯಿಲೆ ಗೊತ್ತಾಗುವುದು. ಬಳಿಕ ರಕ್ತ, ಮೂತ್ರ, ಮಜ್ಜೆಯ ಪರೀಕ್ಷೆ ಆಗಬೇಕು. ಕಾಯಿಲೆ ಒಂದೇ ಕಡೆ ಇದ್ದರೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆ ಸಾಕು, ಫಲವೂ ಒಳ್ಳೆಯದು. ಕೆಲವರಲ್ಲಿ ಮುಂದೆ ಅದು ಮಲ್ಟಿಪಲ್ ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ಆಗಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಿಸಬಾರದು.

ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ನಾಲ್ಕೈದು ವಾರ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿ.ಮೀ. ರಾಣೆಬೆನ್ನೂರು, ಬ್ಯಾಡಗಿಯವರಿಗೆ ಇನ್ನೂ ದೂರ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಕಳೆದುಹೋದ ಕೂಲಿ, ಊಟ, ವಸತಿಯ ಖರ್ಚು ಮಾತ್ರ ಮನೆಯವರ ತಲೆಗೇ. ಅರ್ಧಕ್ಕೆ ಚಿಕಿತ್ಸೆ ನಿಲ್ಲಿಸಲು ಇಷ್ಟೇ ಸಾಕಾಗುತ್ತದೆ.

ದಾರಿಗೆ ಕೆಲವು ಸೌಲಭ್ಯಗಳಿವೆ. 2023ರ ಜೂನ್‌ನಿಂದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಈ ಕಾಯಿಲೆ ಹೆಚ್ಚಾಗಿ ಬರುವುದು ಗಂಡಸರಿಗೆ. ಮೂರೂ ಊರುಗಳು ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ವೈದ್ಯರ ಪ್ರಮಾಣಪತ್ರದ ಮೇಲೆ ರೈಲಿನಲ್ಲಿ ರಿಯಾಯಿತಿ ಉಂಟು. ಇದು ಗೊತ್ತಿಲ್ಲದೆ ಸಾಲ ಮಾಡುವವರಿದ್ದಾರೆ.

ಧರ್ಮಕೇಂದ್ರಗಳ ಸೇವಾಕರ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಔಷಧಿಗೆ ಹಣ ಕೂಡಿಸುವ ಮೊದಲು ಪ್ರಮಾಣಪತ್ರ ಮಾಡಿಸಿಕೊಡಿ, ಆಸ್ಪತ್ರೆಯ ಹತ್ತಿರ ಐದು ವಾರಕ್ಕೆ ಒಂದು ಕೋಣೆ ಹುಡುಕಿಕೊಡಿ. ಕೊನೆಯ ದಿನದವರೆಗೂ ರೋಗಿ ಚಿಕಿತ್ಸೆಗೆ ಹೋಗುವಂತೆ ನೋಡಿಕೊಳ್ಳುವುದೇ ದೊಡ್ಡ ಸಹಾಯ.