ಕೂಸಿನ ಬಟ್ಟೆಗೊಂದು ಒಳಪದರ

ಬಾಣಂತಿಯಿರುವ ಮನೆಯನ್ನು ಗುರುತಿಸಲು ಹಿಂದಿನವರು ತೊಟ್ಟಿಲನ್ನು ನೋಡಬೇಕಾಗಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ನೋಡಿದರೆ ಸಾಕಾಗುತ್ತಿತ್ತು. ಹಳೆಯ ಪಂಚೆಯನ್ನೋ, ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯನ್ನೋ ಹರಿದು ಮಾಡಿದ ಲಂಗೋಟಿಗಳು ಅಲ್ಲಿ ಸಾಲಾಗಿ ಬಿಸಿಲು ಕಾಯುತ್ತಿದ್ದವು. ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಇಕ್ಕಟ್ಟಾದ ಲೈನುಮನೆಗಳಲ್ಲಿಯೂ ಈ ಹಗ್ಗಕ್ಕೆ ಎಡೆ ಇದ್ದೇ ಇರುತ್ತಿತ್ತು. ದೊರೆಗಳ ಬಂಗಲೆಗಳಲ್ಲಿ ಟರ್ಕಿ ಟವಲಿನಂಥ ದಪ್ಪ ಬಟ್ಟೆ ಅದೇ ಕೆಲಸವನ್ನು ಮಾಡುತ್ತಿತ್ತು. ಒಗೆಯುವ ಕೈ ಮಾತ್ರ ಬೇರೆಯವರದು. ಈಗ ಹಗ್ಗ ಬರಿದಾಗುತ್ತ ಬಂದಿದೆ. ಅಂಗಡಿಯ ಬಾಗಿಲಿನಲ್ಲಿ ಶಾಂಪೂ ಪೊಟ್ಟಣಗಳ ಪಕ್ಕದಲ್ಲಿ ಡಯಪರ್ ಪೊಟ್ಟಣಗಳು ತೋರಣದಂತೆ ತೂಗುತ್ತವೆ.

ಈ ಹಗ್ಗಕ್ಕೂ ಆ ತೋರಣಕ್ಕೂ ನಡುವೆ ಮೂರನೆಯದೊಂದು ದಾರಿಯುಂಟು. ಒಗೆದು ಮತ್ತೆ ಬಳಸುವ ಬಟ್ಟೆಯನ್ನೇ ಇಟ್ಟುಕೊಂಡು, ಅದಕ್ಕೂ ಮಗುವಿನ ಮೈಗೂ ನಡುವೆ ತೆಳ್ಳನೆಯ ಪದರವೊಂದನ್ನು ಹಾಸುವುದು. ಅಂಗಡಿಯವರು ಇದನ್ನು ಲೈನರ್ ಎನ್ನುತ್ತಾರೆ. ಮೂತ್ರ ಇದರ ಮೂಲಕ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಮಲ ಮೇಲೆಯೇ ನಿಲ್ಲುತ್ತದೆ. ಪದರವನ್ನು ಎತ್ತಿ ಮಲವನ್ನು ಪಾಯಿಖಾನೆಗೆ ಕೊಡವಿದರೆ ಕೆಳಗಿನ ಲಂಗೋಟಿ ಬರಿಯ ಒದ್ದೆ ಬಟ್ಟೆಯಾಗಿ ಉಳಿಯುತ್ತದೆ. ಉಪಾಯ ಇಷ್ಟೆ. ಆದರೆ ನೀರಿಲ್ಲದ ಊರಿನಲ್ಲಿ ಇದರ ಬೆಲೆ ಏನೆಂಬುದು ಬಿಂದಿಗೆ ಹೊತ್ತವರಿಗೆ ಗೊತ್ತು.

ಉರಿಗಾಮಿನ ಭಾಗ್ಯ ವಿಚಿತ್ರವಾದುದು. ಸುಮಾರು ೧೪೦ ಕಿಲೋಮೀಟರ್ ದೂರದ ಶಿವನಸಮುದ್ರದಿಂದ ವಿದ್ಯುತ್ತು ಈ ಗಣಿಗಳಿಗೆ ೧೯೦೨ರಲ್ಲಿಯೇ ಬಂದಿತು. ಬೆಂಗಳೂರಿನ ಬೀದಿಗಳು ಅದಕ್ಕಾಗಿ ಇನ್ನೂ ಮೂರು ವರ್ಷ ಕಾಯಬೇಕಾಯಿತು. ಬೆಳಕು ಅಷ್ಟು ದೂರದಿಂದ ಓಡಿಬಂದರೂ ನೀರು ಹಾಗೆ ಬರಲಿಲ್ಲ. ಪಾಲಾರ್ ನದಿಗೆ ಅಡ್ಡಲಾಗಿ ಬೇತಮಂಗಲದಲ್ಲಿ ನಿಂತ ಕೆರೆಯ ನೀರೇ ಗಣಿನಾಡಿಗೆ ಬಹುಕಾಲ ಆಸರೆಯಾಯಿತು. ಮಳೆ ತಪ್ಪಿದ ವರ್ಷ ಕೆರೆಯೂ ತಪ್ಪುತ್ತಿತ್ತು. ಕೋಲಾರ ಸೀಮೆಯ ಕೊಳವೆ ಬಾವಿಗಳು ಸಾವಿರ ಅಡಿಗಳನ್ನೂ ದಾಟಿ ಇಳಿದಿವೆ. ಬರುವ ನೀರು ಎಷ್ಟೋ ಕಡೆ ಗಡಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. ಆ ಗಸಿ ನೂಲಿನ ಎಳೆಗಳಲ್ಲಿ ಕೂತು ಬಟ್ಟೆಯನ್ನು ಹಪ್ಪಳದಂತೆ ಬಿರುಸಾಗಿಸುತ್ತದೆ. ಅದನ್ನು ಕಳೆಯಲು ಮತ್ತೆ ನೀರೇ ಬೇಕು.

ಲೆಕ್ಕ ಹಾಕಿ ನೋಡಬಹುದು. ಅನ್ನ ತಿನ್ನಲು ಕಲಿತ ಮಗು ದಿನಕ್ಕೆ ಮೂರು ಲಂಗೋಟಿಗಳನ್ನು ಮಲದಿಂದ ಕೆಡಿಸುತ್ತದೆಂದು ಹಿಡಿದರೆ, ಅವು ಉಳಿದ ಬಟ್ಟೆಯೊಡನೆ ಸೇರುವ ಮೊದಲು ಬೇರೆಯಾಗಿ ಜಾಲಾಡಿಸಿಕೊಳ್ಳಬೇಕು. ಒಂದೊಂದಕ್ಕೆ ಒಂದೂವರೆ ಬಿಂದಿಗೆ ಎಂದರೂ ನಾಲ್ಕೂವರೆ ಬಿಂದಿಗೆಯಾಯಿತು. ಬಿಂದಿಗೆಗೆ ೧೫ ಲೀಟರಿನಂತೆ ೬೭.೫ ಲೀಟರು. ಇದು ಒಗೆತಕ್ಕೆ ಮುಂಚಿನ ನೀರು, ಒಗೆತದ ನೀರು ಬೇರೆ. ಒಳಪದರವಿದ್ದರೆ ಎರಡು ಚೊಂಬು ನೀರಿನಲ್ಲಿ ಒಂದು ಚೂರು ಬಟ್ಟೆ ಶುಚಿಯಾಗುತ್ತದೆ. ನಲ್ಲಿಯನ್ನು ನಂಬಿ ಕೂಡಲಾಗದೆ ಟ್ಯಾಂಕರಿಗೆ ಹಣ ತೆರುವ ಮನೆಗೆ ಈ ಉಳಿತಾಯ ಸಣ್ಣದಲ್ಲ.

ಹಾಗೆಂದು ಹೆತ್ತ ಮರುದಿನವೇ ಇದನ್ನು ತರಿಸಬೇಕಾಗಿಲ್ಲ. ತಾಯಿಯ ಹಾಲನ್ನೇ ಕುಡಿಯುವ ಕೂಸಿನ ಮಲ ನೀರಾಗಿರುತ್ತದೆ. ಅದು ಪದರದಲ್ಲಿ ನಿಲ್ಲದೆ ಸೋರಿ ಕೆಳಗಿಳಿಯುತ್ತದೆ. ಆರು ತಿಂಗಳು ತುಂಬಿ ರಾಗಿಯ ಸರಿ, ಮೆತ್ತನೆಯ ಅನ್ನ ಆರಂಭವಾದ ಮೇಲೆ ಇದರ ಪ್ರಯೋಜನ ಕಾಣುತ್ತದೆ. ಅದಕ್ಕೆ ಮುಂಚೆಯೂ ಒಂದು ಸಂದರ್ಭದಲ್ಲಿ ಬೇಕಾಗಬಹುದು. ಕೆಂಪಾದ ತೊಡೆಸಂದಿಗೆ ಸತುವಿನ ಮುಲಾಮನ್ನು ಹಚ್ಚುವ ರೂಢಿಯಿದೆ. ಎಣ್ಣೆ ನೀರಿನ ಮನೆಗಳಲ್ಲಿ ಹರಳೆಣ್ಣೆ, ಕೊಬ್ಬರಿ ಎಣ್ಣೆಗಳಂತೂ ಧಾರಾಳ. ಈ ಜಿಡ್ಡು ಲಂಗೋಟಿಗೆ ಹತ್ತಿದರೆ ಬಟ್ಟೆ ನೀರನ್ನು ಹೀರುವುದರ ಬದಲು ಜಾರಿಸಿಬಿಡುತ್ತದೆ. ನಡುವೆ ಪದರವೊಂದಿದ್ದರೆ ಜಿಡ್ಡು ಅದರಲ್ಲೇ ನಿಲ್ಲುತ್ತದೆ. ಆದರೆ ಪದರವಿದೆಯೆಂದು ಮಗುವನ್ನು ಹೆಚ್ಚು ಹೊತ್ತು ಒದ್ದೆಯಲ್ಲಿ ಬಿಡುವಂತಿಲ್ಲ. ಹೀರುವ ಶಕ್ತಿ ಕೆಳಗಿನ ಬಟ್ಟೆಯದು. ಎರಡು ಮೂರು ಗಂಟೆಗೊಮ್ಮೆ ಬದಲಿಸುವ ನಿಯಮ ಹಾಗೆಯೇ ಉಳಿಯುತ್ತದೆ.

ಪೇಟೆಯಲ್ಲಿ ದೊರೆಯುವ ಪದರಗಳಲ್ಲಿ ಕೆಲವು ಎಸೆಯುವಂಥವು: ಮರದ ನಾರಿನಿಂದಲೋ ಬಿದಿರಿನ ನಾರಿನಿಂದಲೋ ಮಾಡಿದ, ಕಾಗದದಷ್ಟು ತೆಳುವಾದ ಹಾಳೆಗಳು. ಬರಿಯ ಮೂತ್ರವಾಗಿದ್ದರೆ ಇವುಗಳಲ್ಲಿ ಕೆಲವನ್ನು ಒಗೆದು ಇನ್ನೊಮ್ಮೆ ಬಳಸಬಹುದು. ಉಣ್ಣೆಯಂತೆ ನವುರಾದ ಫ್ಲೀಸ್ ಬಟ್ಟೆಯ ಪದರಗಳು ನೀರನ್ನು ತಾವು ಹಿಡಿಯದೆ ಕೆಳಗೆ ಬಿಡುವುದರಿಂದ ಮೈಗೆ ಒಣಗಿದಂತಿರುತ್ತವೆ. ಮೂರನೆಯದು ಮನೆಯಲ್ಲಿಯೇ ಇರುವ ಮಲ್ಲು ಬಟ್ಟೆ.

ಇದಕ್ಕೂ ಮುಂದಿನ ಹೆಜ್ಜೆ ಎಸೆಯುವ ಒಳಹಾಸು. ಇಲ್ಲಿ ಹೊರಗಿನ ನೀರು ಸೋರದ ಚಡ್ಡಿಯೊಂದೇ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಒಳಗಿನ ಹೀರುವ ದಿಂಡು ಪ್ರತಿ ಸಲವೂ ಹೊಸದು. ಇದು ಈಗಿನ ಕಲ್ಪನೆಯೇನೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಲಂಗೋಟಿ ಒಗೆದು ಬೇಸತ್ತ ವ್ಯಾಲರಿ ಹಂಟರ್ ಗಾರ್ಡನ್ ಎಂಬ ಬ್ರಿಟಿಷ್ ಗೃಹಿಣಿ ಪ್ಯಾರಾಷೂಟಿನ ನೈಲಾನ್ ಬಟ್ಟೆಯಿಂದ ಹೊರಚಡ್ಡಿ ಹೊಲಿದು, ಒಳಗೆ ಹತ್ತಿ ಮತ್ತು ನಾರಿನ ದಿಂಡನ್ನಿಟ್ಟಳು. ‘ಪ್ಯಾಡಿ’ ಎಂಬ ಹೆಸರಿನಿಂದ ಅದು ೧೯೪೯ರ ಹೊತ್ತಿಗೆ ಕಾರ್ಖಾನೆಯ ಸರಕಾಯಿತು. ಈಗಿನ ಒಳಹಾಸುಗಳಲ್ಲಿ ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಅಂಟಿನಂತೆ ಗಟ್ಟಿಯಾಗುವ ರಾಸಾಯನಿಕ ಹರಳುಗಳಿರುತ್ತವೆ.

ಉರಿಗಾಮಿನಲ್ಲಿ ಇದಕ್ಕೆ ಗಿರಾಕಿಗಳಿರುವುದು ಆಶ್ಚರ್ಯವಲ್ಲ. ಭಾರತ್ ಚಿನ್ನದ ಗಣಿಯ ಬಾಗಿಲು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದ ಮೇಲೆ ಊರಿನ ದುಡಿಮೆ ರೈಲುಬಂಡಿಯೇರಿತು. ಮಾರಿಕುಪ್ಪದಿಂದ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಬೆಳಗಿನ ಬಂಡಿಗಳಲ್ಲಿ ಎಳೆಯ ಮಕ್ಕಳ ತಾಯಂದಿರೂ ಇರುತ್ತಾರೆ. ಮಗು ಅಜ್ಜಿಯ ಪಾಲು. ಇಂಥ ಮನೆಯಲ್ಲಿ ಅತ್ತೆ ಸೊಸೆಯರ ವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ನಿನ್ನ ಗಂಡನನ್ನು ಹರಕು ಪಂಚೆಯಲ್ಲಿಯೇ ಬೆಳೆಸಲಿಲ್ಲವೇನಮ್ಮ? ಇದಕ್ಕೆಲ್ಲ ದುಡ್ಡು ಸುರಿಯಬೇಕೆ?”

“ಆಗ ನಿಮಗೆ ಇಪ್ಪತ್ತು ವರ್ಷ, ಅತ್ತೆ. ಈಗಲೂ ಒಗೆಯಬೇಕಾದವರು ನೀವೇ. ನಿಮ್ಮ ಮಂಡಿ ಕೇಳುತ್ತದೆಯೆ?”

ಸೊಸೆಯ ಮಾತಿನಲ್ಲಿ ಹುರುಳಿದೆ. ಬಟ್ಟೆಯ ಲಂಗೋಟಿಯನ್ನು ಹೊಗಳುವವರು ಅದನ್ನು ಕುಕ್ಕರುಗಾಲಿನಲ್ಲಿ ಕುಳಿತು ಒಗೆಯುವವರಾಗಿರುವುದು ಅಪರೂಪ. (ಈ ವಾದದಲ್ಲಿ ಮಗುವಿನ ತಂದೆಯ ಹೆಸರು ಬರಲೇ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಬೋರಲಿಗೆ ಮೋಟಾರು ಹಾಕುವ ಕೈಗೆ ಸಾಬೂನೂ ಒಗ್ಗುತ್ತದೆ.)

ಆದರೆ ಎಸೆದದ್ದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಬೇರೆ ಊರಿನವರು ಮರೆತರೂ ಗಣಿನಾಡಿನವರು ಮರೆಯಲಾಗದು. ಗಣಿ ಕಾರ್ಮಿಕರ ಕಾಲೊನಿಗಳಲ್ಲಿದ್ದ ಒಣ ಪಾಯಿಖಾನೆಗಳನ್ನು ಮನುಷ್ಯರೇ ಕೈಯಿಂದ ಬಳಿಯುತ್ತಿದ್ದರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ೧೯೭೦ರ ದಶಕದಲ್ಲಿ ನಿಷೇಧಿಸಿದರು. ೧೯೯೩ರಲ್ಲಿ ಕೇಂದ್ರದ ಕಾಯಿದೆ ಬಂದಿತು. ಅಷ್ಟಾಗಿಯೂ ೨೦೧೧ರಲ್ಲಿ ಕೆ.ಜಿ.ಎಫ್.ನಲ್ಲಿ ಈ ಕೆಲಸ ನಡೆದೇ ಇದ್ದುದು ಬಯಲಿಗೆ ಬಿದ್ದಿತು. ೨೦೧೩ರಲ್ಲಿ ಇನ್ನೂ ಕಟ್ಟುನಿಟ್ಟಾದ ಕಾಯಿದೆಯಾಯಿತು. ಇಷ್ಟೆಲ್ಲ ಆದ ಮೇಲೆ, ಮಲ ತುಂಬಿದ ಒಳಹಾಸನ್ನು ಹಾಗೆಯೇ ಸುತ್ತಿ ಕಸದ ಗಾಡಿಗೆ ಹಾಕಿದರೆ, ಅದೇ ಜನರ ಮಕ್ಕಳು ಅದನ್ನು ಕೈಯಿಂದ ಬೇರ್ಪಡಿಸಬೇಕಾಗುತ್ತದೆ. ಕೂಸಿನ ಮಲಕ್ಕೆ ದೋಷವಿಲ್ಲ ಎಂಬ ನಂಬಿಕೆಯೊಂದಿದೆ. ರೋಗಾಣುಗಳಿಗೆ ಅದು ತಿಳಿಯದು. ೨೦೧೬ರ ಘನತ್ಯಾಜ್ಯ ನಿಯಮಗಳು ಡಯಪರನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದವು, ಸುತ್ತಲು ಚೀಲವನ್ನು ತಯಾರಕರೇ ಒದಗಿಸಬೇಕೆಂದವು. ಬೆಂಗಳೂರಿನಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕುವ ರೂಢಿ ಬೆಳೆಯಿತು. ಗುರುತಿಗಿಂತ ಮೊದಲು ಆಗಬೇಕಾದದ್ದು ಮಲವನ್ನು ಪಾಯಿಖಾನೆಗೆ ಸೇರಿಸುವುದು. ಅದಕ್ಕೆ ಒಳಹಾಸಿನ ಮೇಲೆಯೂ ಒಂದು ತೆಳುಪದರವಿರುವುದು ಒಳ್ಳೆಯದು.

ಪದರದ ಪೊಟ್ಟಣದ ಮೇಲೆ ಪಾಯಿಖಾನೆಗೆ ಹಾಕಿ ನೀರು ಬಿಡಬಹುದೆಂದು ಬರೆದಿರುವುದುಂಟು. ಅದನ್ನು ನಂಬಬಾರದು. ಕಾಗದದಂತೆ ಕಂಡರೂ ಆ ಹಾಳೆ ನೀರಿನಲ್ಲಿ ಕರಗುವುದಿಲ್ಲ. ಕೊಳವೆಯ ತಿರುವಿನಲ್ಲಿ ಸಿಕ್ಕಿ ಗಂಟಾಗುತ್ತದೆ. ಆ ಗಂಟನ್ನು ಬಿಡಿಸಲು ಗುಂಡಿಗೆ ಇಳಿಯುವವರು ಯಾರೆಂಬುದನ್ನು ಮೇಲೆಯೇ ಹೇಳಿದೆ. ಹಿತ್ತಿಲಿನಲ್ಲಿ ಸುಡುವುದೂ ಸಲ್ಲದು. ಒಳಹಾಸಿನ ಪ್ಲಾಸ್ಟಿಕ್ಕಿನ ಹೊಗೆ ಮೊದಲು ಮುಟ್ಟುವುದು ತೊಟ್ಟಿಲನ್ನೇ.

ಬಟ್ಟೆಯನ್ನು ಒಗೆಯುವುದರಿಂದಲೂ ಲೋಕಕ್ಕೆ ಹಾನಿಯೇ ಅಲ್ಲವೆ ಎಂಬ ಆಕ್ಷೇಪಕ್ಕೆ ಬ್ರಿಟನ್ನಿನ ಪರಿಸರ ಇಲಾಖೆಯೊಂದು ೨೦೦೮ರಲ್ಲಿ ಉತ್ತರ ಹುಡುಕಿತು. ಯಂತ್ರದಲ್ಲಿ ಕಾಯಿಸಿ ಒಣಗಿಸಿದರೆ ಬಟ್ಟೆಯ ಲಾಭವೆಲ್ಲ ಕರಗಿಹೋಗುತ್ತದೆ. ಒಟ್ಟಾಗಿ ಒಗೆದು, ಬಯಲಿನಲ್ಲಿ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯೇ ಮೇಲು ಎಂದು ಅದರ ಸಾರ. ಬಿಸಿಲಿನ ವಿಷಯದಲ್ಲಿ ಕೋಲಾರ ಸೀಮೆ ಯಾರಿಗೂ ಸಾಲಗಾರನಲ್ಲ. ಬಿಸಿಲು ಕಲೆಯನ್ನು ಬಿಳಿಚಿಸುತ್ತದೆ, ರೋಗಾಣುಗಳನ್ನು ಅಡಗಿಸುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುಗಂಧದ ದ್ರಾವಣವನ್ನು ಮಾತ್ರ ಲಂಗೋಟಿಗೆ ಮುಟ್ಟಿಸಬಾರದು; ಅದೂ ಎಣ್ಣೆಯಂತೆ ಹೀರುವ ಗುಣವನ್ನು ಕೆಡಿಸುತ್ತದೆ.

ಹೀಗಾಗಿ ರಾತ್ರಿಯ ನಿದ್ದೆಗೆ, ಪ್ರಯಾಣಕ್ಕೆ, ಅಜ್ಜಿಗೆ ಮೈ ಸರಿಯಿಲ್ಲದ ದಿನಕ್ಕೆ ಎಸೆಯುವ ಒಳಹಾಸು. ಉಳಿದ ಹಗಲಿಗೆ ಲಂಗೋಟಿ ಮತ್ತು ಮಲ್ಲಿನ ಪದರ ಎಂದು ಹಂಚಿಕೊಂಡ ಮನೆ ನೀರನ್ನೂ ಹಣವನ್ನೂ ಮಂಡಿಯನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು. ಪದರಕ್ಕೆ ಹಣ ಕೊಡಬೇಕಾದ ಅಗತ್ಯವೂ ಇಲ್ಲ. ಹಳೆಯ ನೂಲಿನ ಸೀರೆಯೊಂದನ್ನು ೧೨ ಅಂಗುಲ ಉದ್ದ, ೫ ಅಂಗುಲ ಅಗಲದ ತುಂಡುಗಳಾಗಿ ಹರಿಯಬೇಕು. ಐದು ಗಜದ ಸೀರೆಯಲ್ಲಿ ಇಂಥವು ನೂರಕ್ಕೂ ಮೇಲೆ ಆಗುತ್ತವೆ. ಸವೆದ ಅರ್ಧವನ್ನು ಬಿಟ್ಟರೂ ೬೦ಕ್ಕೆ ಕೊರತೆಯಿಲ್ಲ. ನೂಲು ಒದ್ದೆಯನ್ನು ಹಿಡಿಯುತ್ತದಾದ್ದರಿಂದ ಲಂಗೋಟಿಯೊಡನೆ ಪ್ರತಿ ಸಲವೂ ಪದರವನ್ನು ಬದಲಿಸಬೇಕು. ಜರಿಯ ಅಂಚನ್ನು ಮೊದಲೇ ತೆಗೆದುಬಿಡಬೇಕು. ತುಂಡಿನ ಅಂಚನ್ನು ಮಡಿಚಿ ಹೊಲಿಯಲೂಬಾರದು. ಹೊಲಿಗೆಯ ಏಣು ಕೂಸಿನ ತೊಡೆಗೆ ಒತ್ತುತ್ತದೆ.